ಗುಜರಿ ಸ್ಕ್ಯಾನರಿನ ಕನ್ನಡಿಯಲ್ಲಿ ಕೆಂಚನ ಮೀಸೆ

ನಮ್ಮ ಮನೆಯಲ್ಲಿ ಬೆಕ್ಕು ಮೂರು. ಕೆಂಚ, ಕರಿಯ, ಮತ್ತೆ ಪಟ್ಟೆಪಟ್ಟೆಯ ಪುಟ್ಟಿ. ಇವುಗಳ ಸ್ಟೀರಿಯೊ ಫೋಟೊ, ಅಂದರೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರ ಇಟ್ಟು ಆಳ ಕಾಣಿಸುವ 3ಡಿ ಫೋಟೊ, ತೆಗೀತೀನಿ ಅಂದಾಗ ಸಾಗರದಲ್ಲಿ ಸ್ಟುಡಿಯೊ ಇಟ್ಟಿರುವ ಗೆಳೆಯ ನಕ್ಕಿದ್ದ. "ಮಾರಾಯ, ಮದುಮಗನನ್ನೇ ಎರಡು ನಿಮಿಷ ಕೂರಿಸಕ್ಕೆ ಆಗಲ್ಲ, ನೀನು ಬೆಕ್ಕು ಕೂರಿಸ್ತೀಯಾ?" ಹೆಂಡತಿ ನಗಲಿಲ್ಲ, ಖರ್ಚಿನ ಲೆಕ್ಕ ಕೇಳಿದಳು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಒಂದೇ ಕ್ಯಾಮೆರಾ, ಎಡಗಾಲಿನ ಮೇಲೆ ಭಾರ ಹಾಕಿ ಒಂದು ಕ್ಲಿಕ್, ಬಲಗಾಲಿಗೆ ವಾಲಿ ಇನ್ನೊಂದು. ಬಾವಿಕಟ್ಟೆ, ತುಳಸಿಕಟ್ಟೆಗೆ ಇದು ಸಾಕು. ಬೆಕ್ಕು ನಿದ್ದೆಯಲ್ಲಿದ್ದರೂ ಅದರ ಕಿವಿ ಸುಮ್ನಿರಲ್ಲ. ಹತ್ತರಲ್ಲಿ ಒಂದು ಸರಿಯಾದರೆ ಪುಣ್ಯ. ಅದೂ ಮಲಗಿದ ಬೆಕ್ಕೇ.

ಆಮೇಲೆ ಎರಡು ಹಳೇ ಫೋನು ಅಕ್ಕಪಕ್ಕ ಕಟ್ಟಿ, ಒಂದೇ ಇಯರ್‌ಫೋನಿನ ಬಟನ್‌ನಿಂದ ಎರಡನ್ನೂ ಒತ್ತಿಸಿದೆ. ಒಂದು ಬೇಗ ಫೋಕಸ್ ಮಾಡುತ್ತದೆ, ಇನ್ನೊಂದು ಯೋಚನೆ ಮಾಡುತ್ತದೆ. ಎಡಗಣ್ಣಿಗೆ ಬಾಲ ಮೇಲೆ, ಬಲಗಣ್ಣಿಗೆ ಕೆಳಗೆ.

ದುಡ್ಡು ಹೋಗಿದ್ದು ಮೂರನೇ ಸಲ. ಎರಡು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಕ್ಯಾನನ್ ಪವರ್‌ಶಾಟ್, ಒಂದೊಂದು ಎರಡೂವರೆ ಸಾವಿರದ ಹತ್ತಿರ. ಎರಡನ್ನೂ ಒಟ್ಟಿಗೆ ಕ್ಲಿಕ್ ಮಾಡಿಸುವ ಸ್ಟೀರಿಯೊ ಡೇಟಾ ಮೇಕರ್ ಅನ್ನೋ ಸಾಫ್ಟ್‌ವೇರ್ ಹಾಕಿ, ಯುಎಸ್‌ಬಿ ವೈರಿಗೆ ಒಂದು ಸ್ವಿಚ್ಚು ಕೊಟ್ಟೆ. ಎರಡೂ ಒಟ್ಟಿಗೇ ಹೊಡೆದವು, ಅದರಲ್ಲಿ ಮಾತಿಲ್ಲ. ಆದರೆ ಲೆನ್ಸಿಂದ ಲೆನ್ಸಿಗೆ 9 ಸೆಂ.ಮೀ., ಹತ್ತಿರದ ಬೆಕ್ಕಿಗೆ ಅದು ಜಾಸ್ತಿ. ಮೂರಡಿಯಲ್ಲಿ ಕೂತ ಕೆಂಚ ಗೊಂಬೆ ಅಂಗಡಿಯ ಬೆಕ್ಕಿನ ಹಾಗೆ ಕಂಡ. ಹಿಂದಿನ ಅಡಿಕೆ ಮರ ನೋಡಲು ಹೋದರೆ ಕಣ್ಣು ಕಿತ್ತು ಬರುತ್ತಿತ್ತು. ತಿಂಗಳು ಕಳೆಯುವುದರಲ್ಲಿ ಒಂದು ಕ್ಯಾಮೆರಾದ ಲೆನ್ಸು ಹೊರಗೆ ಬಂದಿದ್ದು ಒಳಗೆ ಹೋಗಲಿಲ್ಲ. ಮಾರಿದವನು ಫೋನ್ ಎತ್ತುವುದನ್ನೂ ನಿಲ್ಲಿಸಿದ. ಅಲ್ಲಿಗೆ ಟ್ರೈಪಾಡು, ವೈರು, ಕಾರ್ಡು ಎಲ್ಲ ಸೇರಿ ಹನ್ನೊಂದು ಸಾವಿರ ದಾಟಿತ್ತು. ಮನೆಯಲ್ಲಿ ಎಂಟು ಅಂತ ಹೇಳಿದ್ದೆ.

ಲೆನ್ಸಿನ ಮುಂದೆ ಕನ್ನಡಿ ಹಾಕಿ ಒಂದೇ ಕ್ಲಿಕ್ಕಿನಲ್ಲಿ ಎಡ-ಬಲ ಎರಡೂ ಚಿತ್ರ ಅಕ್ಕಪಕ್ಕ ತೆಗೆದರೆ ಬೆಕ್ಕು ಕುಣಿದರೂ ಚಿಂತೆಯಿಲ್ಲ. ಇದು ಹೊಸದೇನಲ್ಲ. ಎಲ್ಲರೂ ಸೋಲುವುದು ಕನ್ನಡಿಯಲ್ಲೇ. ನಾನೂ ಅಂಗಡಿ ಕನ್ನಡಿ ಹಾಕಿಯೇ ಶುರುಮಾಡಿದೆ. ಅದರ ಪಾಲಿಶ್, ಅಂದರೆ ಹೊಳೆಯುವ ಲೇಪ, ಗಾಜಿನ ಹಿಂದೆ ಇರುತ್ತದಲ್ಲ, ಪ್ರತಿ ಮೀಸೆಗೂ ಒಂದು ನೆರಳು ಮೀಸೆ. ಮುಂದುಗಡೆಯೇ ಪಾಲಿಶ್ ಇರುವ ಕನ್ನಡಿ ತರಿಸೋಣ ಅಂದರೆ ರೇಟು ಕೇಳಿ ಸುಮ್ನಾದೆ.

ಸಿಕ್ಕಿದ್ದು ಗುಜರಿಯಲ್ಲಿ. ಕೆಟ್ಟುಹೋದ ಫ್ಲಾಟ್‌ಬೆಡ್ ಸ್ಕ್ಯಾನರ್, ಇನ್ನೂರು ರೂಪಾಯಿ. ಬಿಚ್ಚಿದರೆ ಒಳಗೆ ಉದ್ದುದ್ದ ಕನ್ನಡಿ ಪಟ್ಟಿ ನಾಲ್ಕು, ಎಲ್ಲವೂ ಮುಂದುಗಡೆ ಪಾಲಿಶಿನವು! ಖುಷಿಗೆ ಪಂಚೆಯ ತುದಿಯಲ್ಲಿ ಒಂದನ್ನು ಒರೆಸಿದೆ. ಗೀರೋ ಗೀರು. ಗಾಳಿ ಊದುವ ಬಲ್ಬ್ ಬಿಟ್ಟು ಬೇರೇನೂ ತಾಗಿಸಬೇಡಿ. ಫೋಟೊ ಫ್ರೇಮಿನ ಅಂಗಡಿಯವನು ಮುಖ ಕೆಳಗೆ ಮಾಡಿ ಕೊಯ್ದು ಇನ್ನೊಂದನ್ನು ಹಾಳುಮಾಡಿದ. ಎರಡನೇ ಸ್ಕ್ಯಾನರ್ ತಂದು, ಅಡಿಗೆ ಹಳೇ ಬನಿಯನ್ ಹಾಸಿ, ಪಕ್ಕದಲ್ಲೇ ನಿಂತು ಕೊಯ್ಸಿದೆ.

ಫೋನಿನ ಮುಂದೆ ನಾಲ್ಕು ಕನ್ನಡಿ: ಒಳಗೆ ಎರಡು ಚಿಕ್ಕದು, ಹೊರಗೆ ಎರಡು ದೊಡ್ಡದು. ತಳಕ್ಕೆ ಬಡಗಿ ಬಿಸಾಕಿದ ಮಲ್ಟಿವುಡ್ ತುಂಡು, ಅಂಟಿಗೆ ಎಂ-ಸೀಲ್. ಬೇಸ್, ಅಂದರೆ ಎಡ-ಬಲ ನೋಟಗಳ ನಡುವಿನ ಅಂತರ, ನಾಲ್ಕೂವರೆ ಸೆಂ.ಮೀ.ಗೆ ಇಳಿಸಿದೆ. ಬೇಸಿನ ಮೂವತ್ತು ಪಟ್ಟು ದೂರ ಇರಬೇಕು ಅನ್ನೋ ಲೆಕ್ಕದಲ್ಲಿ ಬೆಕ್ಕು ನಾಲ್ಕೂವರೆ ಅಡಿಯಲ್ಲಿ ಬೇಕು, ಅದು ಬೆಕ್ಕೂ ಒಪ್ಪುವ ದೂರ. ಫೋನಿನ ಲೆನ್ಸು ಪುಟ್ಟದು, ಹಾಗಾಗಿ ಈ ಪಟ್ಟಿಗಳ ಅಗಲವೇ ಸಾಕಾಯಿತು. 2ಎಕ್ಸ್ ಜೂಮ್ ಹಾಕಲೇಬೇಕು, ಇಲ್ಲದಿದ್ದರೆ ಕನ್ನಡಿಯ ಅಂಚು ಕಾಣುತ್ತದೆ. ಎರಡು ಚಿತ್ರಗಳ ನಡುವಿನ ಮಸುಕು ಪಟ್ಟಿ ಕತ್ತರಿಸಿ, ಉಳಿದಿದ್ದನ್ನು ಎರಡೂ ಚಿತ್ರ ಹೊಂದಿಸುವ ಸಾಫ್ಟ್‌ವೇರ್ ಸ್ಟೀರಿಯೊಫೋಟೊ ಮೇಕರ್‌ಗೆ ಕೊಟ್ಟರೆ ಓರೆಕೋರೆ ಅದೇ ಸರಿಮಾಡುತ್ತದೆ. ಹೊರಗಿನ ಕನ್ನಡಿಯನ್ನು 45 ಡಿಗ್ರಿಯಿಂದ ಎಷ್ಟು ತಿರುಗಿಸಿದೆ ಅಂತ ಮಾತ್ರ ಕೇಳಬೇಡಿ. ಮೂರು ಭಾನುವಾರ ಹೋಗಿದೆ ಅದಕ್ಕೆ. ಸ್ಕ್ಯಾನರ್ ಎರಡೂ ಸೇರಿ ಆರುನೂರರ ಒಳಗೆ ಮುಗಿಯಿತು.

ಜಗಲಿಯಲ್ಲಿ ಬೆಳಿಗ್ಗೆ ಎಂಟರ ಬೆಳಕು ಚೆನ್ನ. ಹಿತ್ತಲಲ್ಲಾದರೆ ಬೆಕ್ಕಿನ ಹಿಂದೆ ಹತ್ತಡಿಯೊಳಗೆ ದಾಸವಾಳದ ಬೇಲಿಯೋ ಗೋಡೆಯೋ ಇರಲಿ. ದೂರದ ಗುಡ್ಡ ಬಂದರೆ ಮತ್ತೆ ಕಣ್ಣು ನೋವು. ಫ್ಲ್ಯಾಶ್ ಬೇಡವೇ ಬೇಡ. ಬೆಕ್ಕಿನ ಕಣ್ಣಿನ ಹಸಿರು ಹೊಳಪು ಒಂದು ಚಿತ್ರದಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಬರುತ್ತದೆ. ನೋಡಿದರೆ ಕಣ್ಣೊಳಗೆ ಏನೋ ಅದುರಿದ ಹಾಗೆ.

ಒಂದು ಗಾಜು ಕೆಂಪು, ಇನ್ನೊಂದು ನೀಲಿ ಇರುವ 3ಡಿ ಕನ್ನಡಕದಲ್ಲಿ ನೋಡುವ ಹಾಗೂ ಒಮ್ಮೆ ಮಾಡಿದೆ. ಪುಟ್ಟಿ ಚೆನ್ನಾಗಿ ಬಂದಳು. ಕೆಂಚ ಕೆಂಪು ಗಾಜಿನಲ್ಲಿ ಬೆಳ್ಳಗೆ, ನೀಲಿಯಲ್ಲಿ ಕಪ್ಪಗೆ. ಅವನನ್ನು ಕಪ್ಪುಬಿಳುಪು ಮಾಡಿದ ಮೇಲೇ ಸರಿಹೋಗಿದ್ದು. ಮಳೆಗಾಲದಲ್ಲಿ ಬೆಕ್ಕು ಹೊರಗೆ ಬರದಿದ್ದಾಗ ಹನಿ ಕೂತ ಜೇಡರಬಲೆ ತೆಗೆದೆ. ನಿಜ ಹೇಳಬೇಕೆಂದರೆ ಬೆಕ್ಕಿಗಿಂತ ಅದೇ ಚೆಂದ ಬಂದಿದೆ.

ಬೆಕ್ಕು ಕನ್ನಡಿ ಕಡೆಗೇ ನೋಡುವಂತೆ ಮಾಡುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಮೀನಿನ ವಾಸನೆ ಅಲ್ಲ, ಅಷ್ಟು ಹೇಳಬಲ್ಲೆ.

ಗೆಳೆಯನಿಗೆ ತೋರಿಸಿದ್ದು ಕಾರ್ಡ್‌ಬೋರ್ಡ್ ವ್ಯೂವರಿನಲ್ಲಿ. ಬಾವಿಕಟ್ಟೆಯಿಂದ ಕೆಂಚ ಹಾರುತ್ತಿರುವುದು, ಮುಂಗಾಲು ಗಾಳಿಯಲ್ಲಿ, ಒಂದೊಂದು ಮೀಸೆಯೂ ಬೇರೆಬೇರೆ ದೂರದಲ್ಲಿ. ಅವನು ಕೈ ಮುಂದೆ ಚಾಚಿದ. ಚಿಕ್ಕಂದಿನಲ್ಲಿ ವ್ಯೂ-ಮಾಸ್ಟರ್ ಅನ್ನೋ 3ಡಿ ಚಿತ್ರದ ಆಟಿಕೆ ನೋಡುವಾಗ ನಾವೆಲ್ಲ ಹಾಗೇ ಮಾಡುತ್ತಿದ್ದೆವು, ಅಲ್ವಾ?

ಕರಿಯ ಮಾತ್ರ ಇನ್ನೂ ಸರಿಯಾಗಿ ಬಂದಿಲ್ಲ. ಬೆಕ್ಕಿನ ಆಕಾರದ ಒಂದು ತೂತು ಕಂಡ ಹಾಗೆ ಕಾಣುತ್ತಾನೆ. ಪಕ್ಕದಿಂದ ಬಿಸಿಲು ಬಿದ್ದಾಗ ಬೆನ್ನಿನ ಕೂದಲು ಸ್ವಲ್ಪ ಎದ್ದು ಬರುತ್ತದೆ. ಆದರೆ ಅವನು ಬಿಸಿಲಿಗೆ ಬರುವುದು ಬಟ್ಟೆ ಒಣಗಿಸಿದ ದಿನ ಮಾತ್ರ, ಅದೂ ಒಗೆದ ಪಂಚೆಯ ಮೇಲೆ ಮಲಗಲು.