ಸೌದೆಯೋ ಗ್ಯಾಸೋ? ಮೊದಲು ಅಗ್ಗಿಷ್ಟಿಕೆಯೊಳಗೆ ಇಣುಕಿ ನೋಡಿ

ಸೌದೆ ಮೇಲೋ ಗ್ಯಾಸ್ ಮೇಲೋ ಎಂದು ಚರ್ಚೆಗೆ ಕೂರುವ ಮೊದಲು ಟಾರ್ಚ್ ಹಿಡಿದು ಅಗ್ಗಿಷ್ಟಿಕೆಯ ಮುಂದೆ ಮಂಡಿಯೂರಿ. ಮುಂಭಾಗ ತೆರೆದಿರುವ ಇಟ್ಟಿಗೆಯ ಗೂಡಾದರೆ, ಉರಿದ ಶಾಖದ ನೂರು ಪಾಲಿನಲ್ಲಿ ಹತ್ತೋ ಹದಿನೈದೋ ಮಾತ್ರ ಕೋಣೆಗೆ ದಕ್ಕುತ್ತದೆ. ಮಿಕ್ಕಿದ್ದು ಚಿಮಣಿಯ ಪಾಲು. ನಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಉರಿಯ ಸೆಳೆತಕ್ಕೆ ಕೋಣೆಯ ಬೆಚ್ಚನೆಯ ಗಾಳಿಯೂ ಚಿಮಣಿ ಹತ್ತುತ್ತದೆ, ಅದರ ಜಾಗ ತುಂಬಲು ಕಿಟಕಿ ಬಾಗಿಲುಗಳ ಸಂದಿಯಿಂದ ಥಂಡಿ ಗಾಳಿ ನುಗ್ಗುತ್ತದೆ. ಮೊಣಕಾಲು ಕಾಯುತ್ತಿರುವಾಗಲೇ ಬೆನ್ನು ನಡುಗುವುದು ಇದೇ ಕಾರಣಕ್ಕೆ.

ಎಷ್ಟು ಶಾಖ ಬೇಕು?

ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಮೀಟರಿನಲ್ಲಿ ಗುಣಿಸಿ 14ರಿಂದ ಭಾಗಿಸಿ. ಬಂದ ಉತ್ತರ ಬೇಕಾದ ಕಿಲೋವಾಟ್. ಒಂದು ಅಂದಾಜಿಗೆ ಇಷ್ಟು ಸಾಕು. 5 ಮೀಟರ್ ಉದ್ದ, 4 ಮೀಟರ್ ಅಗಲ, 2.8 ಮೀಟರ್ ಎತ್ತರದ ಕೋಣೆ ಎಂದರೆ 56 ಘನ ಮೀಟರ್, ಅಂದರೆ 4 ಕಿಲೋವಾಟ್. ಸಂಜೆ ಐದು ಗಂಟೆ ಉರಿಸಿದರೆ 20 ಯೂನಿಟ್ ಶಾಖ.

ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖವಿದೆ, ಒಂದು ಕಿಲೋ ಎಲ್‌ಪಿಜಿಯಲ್ಲಿ ಹೆಚ್ಚುಕಡಿಮೆ 13. ತೆರೆದ ಗೂಡಿನಲ್ಲಿ ಆ 20 ಯೂನಿಟ್ ಪಡೆಯಲು 40 ಕಿಲೋ ಸೌದೆ ಸುಡಬೇಕು. ಅದೇ ಗೂಡಿನೊಳಗೆ ಗಾಜಿನ ಬಾಗಿಲಿನ ಕಬ್ಬಿಣದ ಒಲೆ ಕೂರಿಸಿದರೆ 7 ಕಿಲೋ ಸಾಕು. ಗಾಜು ಮುಚ್ಚಿದ ಗ್ಯಾಸ್ ಒಲೆಗೆ 2 ಕಿಲೋ ಎಲ್‌ಪಿಜಿ. ಸೌದೆಗೂ ಗ್ಯಾಸಿಗೂ ಇರುವ ಅಂತರಕ್ಕಿಂತ ತೆರೆದ ಗೂಡಿಗೂ ಮುಚ್ಚಿದ ಒಲೆಗೂ ಇರುವ ಅಂತರವೇ ದೊಡ್ಡದು. ಹಣ ಹಾಕುವುದಿದ್ದರೆ ಮೊದಲು ಅಲ್ಲಿ ಹಾಕಿ. ಆಮೇಲೆ ಈ ಕಿಲೋಗಳಿಗೆ ನಿಮ್ಮೂರಿನ ದರ ಗುಣಿಸಿ ಹೋಲಿಸಿ.

ಚಿಮಣಿ ಏನು ಹೇಳುತ್ತದೆ?

ಚಿಮಣಿಯ ತುದಿ ಸೂರಿನಿಂದ ಹೊರಬಿದ್ದ ಜಾಗಕ್ಕಿಂತ ಕನಿಷ್ಠ 90 ಸೆಂ.ಮೀ. ಮೇಲಿರಬೇಕು. 3 ಮೀಟರ್ ದೂರದೊಳಗಿನ ಯಾವುದೇ ಗೋಡೆ, ಸೂರಿಗಿಂತ 60 ಸೆಂ.ಮೀ. ಎತ್ತರವಿರಬೇಕು. ಕಡಿಮೆಯಾದರೆ ಗಾಳಿ ಸುಳಿದು ಹೊಗೆ ಕೆಳಕ್ಕೆ ಬೀಳುತ್ತದೆ. ತೆರೆದ ಗೂಡಿಗೆ ಇನ್ನೊಂದು ಲೆಕ್ಕವಿದೆ: ಹೊಗೆದಾರಿಯ ಅಡ್ಡಕೊಯ್ತದ ವಿಸ್ತೀರ್ಣ ಗೂಡಿನ ಬಾಯಿಯ ವಿಸ್ತೀರ್ಣದ ಸುಮಾರು ಹತ್ತನೇ ಒಂದು ಭಾಗವಾದರೂ ಇರಬೇಕು. ಬಾಯಿ 90 × 70 ಸೆಂ.ಮೀ. ಇದ್ದರೆ ಹೊಗೆದಾರಿ 25 × 25 ಸೆಂ.ಮೀ. ಆಸುಪಾಸು. ಒಳಗೋಡೆ ಬಿರುಕು ಬಿಟ್ಟಿದ್ದರೆ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಇಳಿಸುವವರೆಗೆ ಬೆಂಕಿ ಹಚ್ಚಬೇಡಿ.

ಚಿಮಣಿ ದುರಸ್ತಿಯ ಹಂತ ಮೀರಿದ್ದರೆ ಚರ್ಚೆಯೇ ಬೇಡ, ಗ್ಯಾಸ್ ಗೆದ್ದಂತೆ. ಜೋಡಿ ಕೊಳವೆಯ (ಒಂದರೊಳಗೊಂದು ಕೊಳವೆಯಿರುವ) ಗ್ಯಾಸ್ ಒಲೆಯನ್ನು ಹೊರಗೋಡೆಗೇ ರಂಧ್ರ ಕೊರೆದು ಕೂರಿಸಬಹುದು.

ಸೌದೆ ಆರಿಸಿಕೊಂಡರೆ

ಬಹುತೇಕ ತೊಂದರೆಗಳ ಬೇರು ಒಂದೇ: ನೀರು. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥದ್ದರ ಒಂದು ಕಿಲೋ ಕೊಡುವುದು ಎರಡು ಚಿಲ್ಲರೆ ಯೂನಿಟ್, ಏಕೆಂದರೆ ಬೆಂಕಿ ಮೊದಲು ನೀರು ಕಾಯಿಸಬೇಕು. ತೇವ ಶೇ 20ಕ್ಕಿಂತ ಕಡಿಮೆ ಇರಲಿ. ತೇವಮಾಪಕವಿದ್ದರೆ ತುಂಡನ್ನು ಸೀಳಿ ಒಳಮೈಗೆ ಚುಚ್ಚಿ. ಹೊರಮೈ ಸುಳ್ಳು ಹೇಳುತ್ತದೆ. ಮಾಪಕವಿಲ್ಲವೇ? ಎರಡು ತುಂಡು ಬಡಿದರೆ ಟಣ್ ಎನ್ನಬೇಕು, ದಬ್ ಎಂದರೆ ಇನ್ನೂ ಹಸಿ. ಉರಿಯುವಾಗ ತುದಿಯಲ್ಲಿ ನೊರೆ ಬಂದು ಸುಂಯ್‌ಗುಟ್ಟಿದರೆ ಅದೂ ಹಸಿಯೇ.

10ರಿಂದ 15 ಸೆಂ.ಮೀ. ದಪ್ಪಕ್ಕೆ ಸೀಳಿ, ನೆಲಕ್ಕೆ ತಾಗದಂತೆ ಪೇರಿಸಿ. ಮೇಲೆ ಮಾತ್ರ ಹೊದಿಕೆ ಹಾಕಿ ಬದಿಗಳನ್ನು ಗಾಳಿಗೆ ಬಿಡಿ. ಸುತ್ತಲೂ ಟಾರ್ಪಾಲು ಬಿಗಿದರೆ ಒಣಗುವ ಬದಲು ಬೂಸ್ಟು ಹಿಡಿಯುತ್ತದೆ. ಮೆದು ಮರಕ್ಕೆ ಆರು ತಿಂಗಳಿಂದ ವರ್ಷ, ಗಟ್ಟಿ ಮರಕ್ಕೆ ಒಂದರಿಂದ ಎರಡು ವರ್ಷ ಹಿಡಿಯುತ್ತದೆ. ದಿನಕ್ಕೆ 7 ಕಿಲೋದಂತೆ 90 ದಿನಕ್ಕೆ 630 ಕಿಲೋ, ಅಂದರೆ ಸುಮಾರು ಒಂದೂವರೆ ಘನ ಮೀಟರಿನ ರಾಶಿ. ಮುಂದಿನ ವರ್ಷದ್ದೂ ಪಕ್ಕದಲ್ಲೇ ಒಣಗಬೇಕಲ್ಲ, ಹಾಗಾಗಿ ಅದರ ಎರಡರಷ್ಟು ಜಾಗ. ಅಷ್ಟು ಜಾಗವಿಲ್ಲದವರು ಸೌದೆಯ ಆಸೆ ಬಿಡುವುದೇ ವಾಸಿ.

ಹೊಗೆ ಚಿಮಣಿಯಲ್ಲಿ ಸುಮಾರು 120 ಡಿಗ್ರಿಗಿಂತ ಕೆಳಗೆ ತಣಿದರೆ ಅದರಲ್ಲಿನ ಟಾರು ಗೋಡೆಗೆ ಅಂಟುತ್ತದೆ. ಇದೇ ಕ್ರಿಯೋಸೋಟ್. ರಾತ್ರಿ ಒಲೆಗೆ ಸೌದೆ ತುರುಕಿ, ಗಾಳಿದಾರಿ ಮುಚ್ಚಿ ಮಲಗುವ ಅಭ್ಯಾಸದಷ್ಟು ಬೇಗ ಇದನ್ನು ಬೆಳೆಸುವುದು ಬೇರೊಂದಿಲ್ಲ. ಪದರ 3 ಮಿ.ಮೀ. ದಾಟುವ ಮುನ್ನ ಬ್ರಷ್ ಹಾಕಿಸಿ, ಮಸಿ ಕಾಣದಿದ್ದರೂ ವರ್ಷಕ್ಕೊಮ್ಮೆ ತಪಾಸಣೆ ಇರಲಿ. ಗಾಜಿನಂತೆ ಹೊಳೆಯುವ ಗಟ್ಟಿ ಪದರ ಬ್ರಷ್‌ಗೆ ಜಗ್ಗುವುದಿಲ್ಲ, ಅದಕ್ಕೆ ಪಳಗಿದವರೇ ಬೇಕು. ಬಣ್ಣ ಬಳಿದ ಮರ, ಪ್ಲೈವುಡ್ ಸುಡಬೇಡಿ. ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ, ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿನಲ್ಲಿ ತುಂಬಿ ಮನೆಯ ಹೊರಗಿಡಿ.

ಗ್ಯಾಸ್ ಆರಿಸಿಕೊಂಡರೆ

ಗ್ಯಾಸ್ ಅಗ್ಗಿಷ್ಟಿಕೆ ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆ ಮಾರಾಟವಾಗುತ್ತವೆ. ತೆರೆದ ಗೂಡಿನಲ್ಲಿ ಪಿಂಗಾಣಿ ಕೊರಡುಗಳ ನಡುವೆ ಉರಿಯುವುದು ನೋಡಲು ಚೆಂದ, ಅಷ್ಟೇ. ಅದಕ್ಕೆ ಚಿಮಣಿಯ ಡ್ಯಾಂಪರ್, ಅಂದರೆ ಹೊಗೆದಾರಿಯ ಮುಚ್ಚಳ, ಮುಚ್ಚದಂತೆ ಕ್ಲ್ಯಾಂಪ್ ಹಾಕಬೇಕು, ಹಾಗಾಗಿ ಶಾಖವೂ ಅದೇ ದಾರಿ ಹಿಡಿಯುತ್ತದೆ. ಮನೆ ಬೆಚ್ಚಗಾಗಬೇಕಾದರೆ ಮುಚ್ಚಿದ ಗಾಜಿನ, ಜೋಡಿ ಕೊಳವೆಯದೇ ಸರಿ: ಒಳಕೊಳವೆಯಲ್ಲಿ ಹೊಗೆ ಹೊರಕ್ಕೆ, ಹೊರಕೊಳವೆಯಲ್ಲಿ ಗಾಳಿ ಒಳಕ್ಕೆ. ಕೋಣೆಯ ಗಾಳಿಗೆ ಕೈ ಹಾಕುವುದೇ ಇಲ್ಲ. ಮೂರನೆಯದು ಚಿಮಣಿಯೇ ಇಲ್ಲದ್ದು. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹುಟ್ಟುತ್ತದೆ, ಅದೆಲ್ಲ ಕೋಣೆಯಲ್ಲೇ. ಗೋಡೆ ಬೆವರುತ್ತದೆ, ಬೂಸ್ಟು ಬರುತ್ತದೆ. ಅಂಗಡಿಯವರು ಎಷ್ಟೇ ಹೊಗಳಲಿ, ಅದರ ತಂಟೆಗೆ ಹೋಗದಿರುವುದು ಲೇಸು.

ಕೊಳವೆ ಅನಿಲದ ಒಲೆಗೆ ಹಾಗೇ ಎಲ್‌ಪಿಜಿ ಜೋಡಿಸಬಾರದು. ಎಲ್‌ಪಿಜಿಯ ಒತ್ತಡವೂ ಶಾಖವೂ ಹೆಚ್ಚು, ಗ್ಯಾಸ್ ಚಿಮ್ಮುವ ಜೆಟ್ಟಿನ ರಂಧ್ರ ಚಿಕ್ಕದಿರಬೇಕು. ಬದಲಿಸದಿದ್ದರೆ ಉರಿ ಭುಗಿಲೆದ್ದು ಮಸಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಜೋಡಣೆಯಾದ ಮೇಲೆ ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ನೆಲಮಾಳಿಗೆಗೆ ಅದು ಸಲ್ಲ.

ಒಲೆಯ ನಾಬ್ ಬಿಟ್ಟ ಕೂಡಲೇ ಪೈಲಟ್ ಉರಿ (ಮುಖ್ಯ ಉರಿಯನ್ನು ಹಚ್ಚುವ ಪುಟ್ಟ ಜ್ವಾಲೆ) ಆರುತ್ತದೆಯೇ? ಅರ್ಧ ನಿಮಿಷ ಒತ್ತಿ ಹಿಡಿದು ನೋಡಿ. ಆಗಲೂ ಆರಿದರೆ ಥರ್ಮೋಕಪಲ್‌ಗೆ (ಪೈಲಟ್ ಉರಿಯ ಶಾಖ ಗ್ರಹಿಸಿ ಗ್ಯಾಸ್ ದಾರಿ ತೆರೆದಿಡುವ ಕಡ್ಡಿ) ಮಸಿ ಹಿಡಿದಿರಬಹುದು, ಅದರ ತಿರುಪು ಸಡಿಲವಾಗಿರಬಹುದು ಅಥವಾ ಅದೇ ಕೆಟ್ಟಿರಬಹುದು. ಬೇಸಿಗೆಯಿಡೀ ಸುಮ್ಮನಿದ್ದ ಒಲೆಯಲ್ಲಿ ಉರಿ ಸಣ್ಣಗಿದ್ದರೆ ಜೆಟ್ಟಿನೊಳಗೆ ಜೇಡನ ಬಲೆ ಹುಡುಕಿ. ಗಾಜಿನ ಒಂದೇ ಬದಿ ಕಪ್ಪಾದರೆ ಪಿಂಗಾಣಿ ಕೊರಡು ಜಾಗ ತಪ್ಪಿ ಉರಿಗೆ ತಗುಲುತ್ತಿರಬಹುದು, ಕೈಪಿಡಿಯ ಚಿತ್ರ ನೋಡಿ ಸರಿಪಡಿಸಿ.

ಎರಡರಲ್ಲಿ ಯಾವುದಾದರೂ ಸರಿ, ಅದೇ ಕೋಣೆಯಲ್ಲಿ ಒಲೆಯಿಂದ 1ರಿಂದ 3 ಮೀಟರ್ ದೂರಕ್ಕೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಟ್ಟಿ, ಮಲಗುವ ಕೋಣೆಯ ಬಳಿ ಇನ್ನೊಂದು. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಿಂಗಳಿಗೊಮ್ಮೆ ಪರೀಕ್ಷಾ ಗುಂಡಿ ಒತ್ತಿ ಅಲಾರಂ ಕೂಗುತ್ತದೆಯೇ ಎಂದು ನೋಡಿಕೊಳ್ಳಿ.