ಊರಿಗೆ ಹೊರಡುವ ಮುಂಚೆ ಆರ್‌ಒಗೆ ಹದಿನೈದು ನಿಮಿಷ

ಹೋದ ಬೇಸಿಗೆ ರಜೆಯಲ್ಲಿ ಇಪ್ಪತ್ತೈದು ದಿನ ಊರಲ್ಲಿದ್ದು ಬೆಂಗಳೂರಿಗೆ ಬಂದೆವು. ಬ್ಯಾಗ್ ಇಳಿಸಿದವನೇ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಮಷೀನಿನ ನಲ್ಲಿಗೆ ಲೋಟ ಹಿಡಿದೆ. ನೀರು ನೋಡೋಕೆ ತಿಳಿಯಾಗಿತ್ತು, ವಾಸನೆ ಮಾತ್ರ ಒಣಗದ ಒರೆಸುವ ಬಟ್ಟೆಯದ್ದು. ಟ್ಯಾಂಕಿನ ಒಳಗೆ ಬೆರಳಾಡಿಸಿದರೆ ಲೋಳೆ!

ಟ್ಯಾಂಕ್ ಭರ್ತಿ ಮಾಡಿಟ್ಟು ಹೋಗಿದ್ದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಕಾರ್ಬನ್ ಫಿಲ್ಟರ್ ಅದನ್ನು ತೆಗೆದುಬಿಡುತ್ತದೆ. ಅಲ್ಲಿಂದ ಮುಂದೆ ನಿಂತ ನೀರಿಗೆ ಕಾವಲಿಲ್ಲ.

ಎರಡು ಮೂರು ದಿನಕ್ಕಾದರೆ ತಲೆ ಕೆಡಿಸಿಕೊಳ್ಳಬೇಡಿ. ಬಂದ ಮೇಲೆ ಟ್ಯಾಂಕಿನ ನೀರು ಚೆಲ್ಲಿದರೆ ಸಾಕು. ವಾರಕ್ಕಿಂತ ಜಾಸ್ತಿ ಅಂದರೆ ಹೀಗೆ ಮಾಡಿ:

1. ಹೊರಡುವ ದಿನ ಹತ್ತು ನಿಮಿಷ ಮಷೀನ್ ಓಡಿಸಿ. ಒಳಗೆ ಹೊಸ ನೀರು ತುಂಬಿಕೊಳ್ಳಲಿ.

2. ಪ್ಲಗ್ ತೆಗೆಯಿರಿ. ನೀರು ಬರುವ ಪೈಪಿನ ವಾಲ್ವ್ ತಿರುಗಿಸಿ ಮುಚ್ಚಿ. ಸ್ವಿಚ್ ಆಫ್ ಮಾಡಿದ್ದೇನಲ್ಲ ಅಂತ ಇದನ್ನು ಬಿಡಬೇಡಿ. ಸಣ್ಣ ಸೋರಿಕೆ ಇದ್ದರೂ ಅಡುಗೆಮನೆ ಕೆರೆಯಾದೀತು.

3. ಟ್ಯಾಂಕನ್ನು ಪೂರ್ತಿ ಬಸಿಯಿರಿ. ಆ ನೀರು ಗಿಡಕ್ಕಾಯಿತು.

ಟ್ಯಾಂಕ್ ಖಾಲಿ ಮಾಡಿದ ಹುರುಪಿನಲ್ಲಿ ಕೆಲವರು ಒಳಗಿನದ್ದನ್ನೆಲ್ಲ ಬಿಚ್ಚಿ ಬಿಸಿಲಿಗಿಡುತ್ತಾರೆ. ಖಂಡಿತ ಬೇಡ. ನೀರಿನ ಉಪ್ಪು ಸೋಸುವ ತೆಳು ಪೊರೆ, ಅಂದರೆ ಮೆಂಬ್ರೇನ್, ಒಮ್ಮೆ ನೆನೆದ ಮೇಲೆ ಮತ್ತೆ ಒಣಗಬಾರದು. ಒಣಗಿದರೆ ನೀರು ಬಿಡುವುದೇ ಕಡಿಮೆಯಾಗುತ್ತದೆ, ಆಮೇಲೆ ನೆನೆಸಿದರೂ ಮೊದಲಿನಂತಾಗುವುದು ಕಷ್ಟ. ಬ್ಲೀಚಿಂಗ್ ಪೌಡರ್ ನೀರು ಹಾಯಿಸುವುದೂ ಬೇಡ, ಕ್ಲೋರಿನ್ ಮೆಂಬ್ರೇನನ್ನೇ ಹಾಳುಮಾಡುತ್ತದೆ.

ತಿಂಗಳು ದಾಟುವುದಾದರೆ ನಾನು ಏನನ್ನೂ ಮುಚ್ಚುವುದಿಲ್ಲ. ತುಳಸಿಗೆ ನೀರು ಹಾಕಲು ಪಕ್ಕದ ಮನೆ ಆಂಟಿಗೆ ಹೇಗೂ ಕೀ ಕೊಟ್ಟಿರುತ್ತೇವೆ, ಅಲ್ವಾ? ಎರಡು ಮೂರು ದಿನಕ್ಕೊಮ್ಮೆ ಟ್ಯಾಂಕ್ ಬಸಿದು ಅರ್ಧ ಗಂಟೆ ಓಡಿಸಿ ಅಂತ ಕೇಳಿಕೊಳ್ಳುತ್ತೇನೆ.

ಮಗಳ ಬಾಣಂತನಕ್ಕೆ ಆರು ತಿಂಗಳು ಅಮೆರಿಕಕ್ಕೆ ಹೊರಟವರ ಕತೆ ಬೇರೆ. ಕಾರ್ಖಾನೆಗಳಲ್ಲಿ ಮೆಂಬ್ರೇನ್ ಕೆಡದಂತೆ ಅದನ್ನು ಶೇಕಡಾ 1ರ ಸೋಡಿಯಂ ಮೆಟಾಬೈಸಲ್ಫೈಟ್ ಎಂಬ ರಾಸಾಯನಿಕದ ದ್ರಾವಣದಲ್ಲಿ ನೆನೆಸಿಡುತ್ತಾರೆ. ಮನೆಯಲ್ಲಿ ಆ ರಗಳೆ ಯಾಕೆ? ಹಳೆ ಫಿಲ್ಟರ್‌ಗಳನ್ನು ಬಿಚ್ಚಿಸಿ ಎಸೆದು, ಬಂದ ಮೇಲೆ ಹೊಸದು ಹಾಕಿಸಿ. ಮೆಂಬ್ರೇನ್‌ಗೆ ಎರಡು ವರ್ಷ ಆಗಿದ್ದರೆ ಅದರ ಮೇಲಿನ ಆಸೆಯನ್ನೂ ಬಿಡಿ.

ವಾಪಸ್ ಬಂದ ದಿನ ಟ್ಯಾಂಕಿನ ಒಳಗನ್ನು ಚೆನ್ನಾಗಿ ತೊಳೆದು, ವಾಲ್ವ್ ತೆರೆದು, ಪೈಪಿನ ಜಾಯಿಂಟುಗಳಿಗೆ ಬೆರಳು ಮುಟ್ಟಿಸಿ ನೋಡಿ. ಒದ್ದೆಯಿಲ್ಲ ಅಂದರೆ ಪ್ಲಗ್ ಹಾಕಿ. ಮೊದಲ ಎರಡು ಟ್ಯಾಂಕ್ ನೀರು ನೆಲ ಒರೆಸೋಕೆ. ಶುರುವಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳ ಅಳತೆ) ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಪಂಪ್ ನಿಂತಿದ್ದಾಗ ಉಪ್ಪು ಮೆಂಬ್ರೇನ್ ದಾಟಿ ಮೆಲ್ಲಗೆ ಈಚೆಗೆ ಬಂದಿರುತ್ತದೆ. ಮೂರನೇ ಟ್ಯಾಂಕಿಗೂ ಇಳಿಯದಿದ್ದರೆ ಮೆಕ್ಯಾನಿಕ್ ಕರೆಸಿ. ಹೋಲಿಸಿ ನೋಡೋಕೆ ಹಳೆ ಟಿಡಿಎಸ್ ಲೆಕ್ಕ ಬೇಕಲ್ಲ? ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಈಗ ಹಾಲಿನ ಲೆಕ್ಕದ ಪಕ್ಕ ಬರೆದಿದೆ: 'ನೀರು, 62'.