ತಾಮ್ರದ ಮೇಲೆ ಹಳೇ ರೋಮ್ ಕೆತ್ತಿದ ನನ್ನ ಅನುಭವ

ಇಟಲಿಯ ವಾಸ್ತುಶಿಲ್ಪಿ ಪಿರ್ರೊ ಲಿಗೋರಿಯೊ 1561ರಲ್ಲಿ ಹಳೇ ರೋಮ್‌ನ ನಕ್ಷೆಯೊಂದನ್ನು ಹೊರತಂದ. 12 ಹಾಳೆ ಜೋಡಿಸಿದರೆ ಸಾಮ್ರಾಟರ ಕಾಲದ ಇಡೀ ಊರು ಹಕ್ಕಿಯ ಕಣ್ಣಿಗೆ ಕಂಡ ಹಾಗೆ ಹರಡಿಕೊಳ್ಳುತ್ತದೆ. ಅದರಲ್ಲಿ ರಥದ ಓಟದ ಬಯಲು, ಸರ್ಕಸ್ ಮ್ಯಾಕ್ಸಿಮಸ್, ಇರುವ ತುಣುಕನ್ನು ನಾನೇ ಕೆತ್ತಿ ನೋಡಿದೆ.

ಮೊದಲು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತಾಮ್ರದ ಮೇಲೆ ಇಳಿಸಿಕೊಂಡೆ. ಇಲ್ಲದಿದ್ದರೆ ಅಚ್ಚಿನಲ್ಲಿ ಊರೇ ತಿರುಗುಮುರುಗಾಗುತ್ತದೆ ಅಲ್ವಾ? ಕೆತ್ತುವುದು ಬ್ಯೂರಿನ್ ಎಂಬ ಚೂಪು ಉಳಿಯಿಂದ. ಸರ್ಕಸ್‌ನ ಒಂದು ತುದಿ ದುಂಡಗಿದೆ. ಅಲ್ಲಿ ಉಳಿಯನ್ನು ತಿರುಗಿಸಬಾರದು. ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ತಗಡನ್ನೇ ಮೆಲ್ಲಗೆ ತಿರುಗಿಸಬೇಕು. ಇದು ಗೊತ್ತಾಗುವ ಹೊತ್ತಿಗೆ ನನ್ನ ಉಳಿ ಒಮ್ಮೆ ಜಾರಿ, ಮೆಟ್ಟಿಲ ಸಾಲಿಗೆ ಅಡ್ಡಗೆರೆ ಬಿತ್ತು. ಕೆರೆದು, ಹಿಂದಿನಿಂದ ತಟ್ಟಿ, ಉಜ್ಜಿ ನಯ ಮಾಡಲು ಒಂದು ದಿನ ಹೋಯಿತು.

ಲಿಗೋರಿಯೊ ಕಾಲಕ್ಕೆ ಆ ಜಾಗದಲ್ಲಿ ತರಕಾರಿ ತೋಟಗಳಿದ್ದವು. ನಡುವಿನ ಈಜಿಪ್ಟಿನ ಕಲ್ಲುಕಂಬ ಮಣ್ಣಿನಡಿ ಮಲಗಿತ್ತು. ಅದನ್ನು ಅಗೆದು ತೆಗೆದದ್ದು 1587ರಲ್ಲಿ. ನಕ್ಷೆಯಲ್ಲಿ ಮಾತ್ರ ಕಂಬ ನೆಟ್ಟಗೆ ನಿಂತಿದೆ! ಹಳೇ ನಾಣ್ಯಗಳ ಹಿಂಬದಿಯ ಪುಟ್ಟ ಚಿತ್ರಗಳು, ಹಳೇ ಬರಹಗಳು ಅವನಿಗೆ ದಾರಿ ತೋರಿದವು. ರೋಮನ್ನರೇ ಅಮೃತಶಿಲೆಯಲ್ಲಿ ಕೊರೆದಿದ್ದ ತಮ್ಮ ಊರಿನ ನಕ್ಷೆಯ ಚೂರುಗಳು ಸಿಕ್ಕಿದ್ದು ಲಿಗೋರಿಯೊನ ನಕ್ಷೆ ಹೊರಬಂದ ಮರುವರ್ಷ, 1562ರಲ್ಲಿ. ಇದನ್ನು ನೆನೆದಾಗಲೆಲ್ಲ ನನಗೆ ಅವನ ಬಗ್ಗೆ ಸಂಕಟವಾಗುತ್ತದೆ. 1574ರ ತನ್ನ ಹಳೇ ರೋಮ್ ನಕ್ಷೆಗೆ ಫ್ರಾನ್ಸಿನ ಕೆತ್ತನೆಗಾರ ಎಟಿಯೆನ್ ಡ್ಯೂಪೆರಾಕ್ ಆ ಚೂರುಗಳನ್ನು ಬಳಸಿಕೊಂಡ.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಸರ್ಕಸ್ ಅಲ್ಲ, ಸುತ್ತಲಿನ ಹೆಸರಿಲ್ಲದ ಮನೆಗಳು. ಒಂದು ಮಾಡು, ಎರಡು ಗೋಡೆ, ನೆರಳಿಗೆ ನಾಲ್ಕು ಗೆರೆ. ಮತ್ತೆ ಅದೇ. ಅಲ್ಲಿ ಯಾವ ಮನೆ ಇತ್ತೆಂದು ಅವನಿಗೆ ಗೊತ್ತಿರಲು ಸಾಧ್ಯವಿಲ್ಲ. ಆದರೂ ತಾಮ್ರದಲ್ಲಿ ಗೊತ್ತಿರುವ ಗೋಡೆಗೂ ಊಹಿಸಿದ ಗೋಡೆಗೂ ಗೆರೆ ಒಂದೇ. ಸುಮ್ನೆ ನೋಡುತ್ತಿದ್ದಾಗ ಇದು ನನಗೆ ಹೊಳೆದಿರಲಿಲ್ಲ. ಮಣಿಕಟ್ಟು ನೋಯತೊಡಗಿದಾಗ ಹೊಳೆಯಿತು.

ಹಾಗಾಗಿ ಎರಡನೇ ತಗಡಿನಲ್ಲಿ ಊಹೆಯ ಮನೆಗಳನ್ನೆಲ್ಲ ಬಿಟ್ಟೆ. ಮಸಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಹಾಸಿ ಪ್ರೆಸ್‌ಗೆ ಕೊಟ್ಟೆ. ಕಾಗದ ಎತ್ತಿದರೆ ಖಾಲಿ ಬಿಳುಪಿನ ನಡುವೆ ಸರ್ಕಸ್ ಒಂದೇ ನಿಂತಿತ್ತು. ಅಷ್ಟು ಜನ ಕೂರುವ ಮೆಟ್ಟಿಲುಗಳು, ಬರುವವರಿಗೆ ಊರೇ ಇಲ್ಲ. ಮರುದಿನ ಬೆಳಿಗ್ಗೆ ತಗಡನ್ನು ಮತ್ತೆ ದಿಂಬಿನ ಮೇಲಿಟ್ಟು ಮೊದಲ ಮನೆಯ ಮಾಡು ಕೆತ್ತಲು ಕೂತೆ.